ಕ್ರೀಮ್ ಒಡೆದಾಗ ಚಮಚ ಹಾಕುವ ಮೊದಲು

ಮೈಗೆ ಹಚ್ಚಲು ಮನೆಯಲ್ಲೇ ಮಾಡಿದ ಕ್ರೀಮಿನ ಡಬ್ಬಿಯ ಮುಚ್ಚಳ ತೆಗೆದರೆ ಮೇಲೆ ಹಳದಿ ಎಣ್ಣೆಯ ಪದರ, ಕೆಳಗೆ ಅಕ್ಕಿ ತೊಳೆದ ನೀರಿನಂಥ ಮಬ್ಬು. ನೋಡಿದ ತಕ್ಷಣ ಕೈ ಚಮಚದ ಕಡೆಗೆ ಹೋಗುತ್ತದೆ. ಹೋಗಬಾರದು. ಒಮ್ಮೆ ತಿರುಗಿಸಿದರೆ ಕ್ರೀಮ್ ಕೂಡಿದಂತೆ ಕಾಣುತ್ತದೆ, ಸಂಜೆಗೆ ಮತ್ತೆ ಬೇರೆಯಾಗುತ್ತದೆ. ಅಷ್ಟರಲ್ಲಿ ಅದು ಏಕೆ ಒಡೆಯಿತು ಎಂದು ಹೇಳುವ ಗುರುತುಗಳೆಲ್ಲ ಕಲಸಿ ಹೋಗಿರುತ್ತವೆ.

ಧಾರವಾಡದಲ್ಲಿ ದೀಪಾವಳಿ ಕಳೆದು ಒಣ ಗಾಳಿ ಬೀಸತೊಡಗಿದರೆ ನಮ್ಮ ಓಣಿಯ ಮೂರು ನಾಲ್ಕು ಅಡುಗೆಮನೆಗಳಲ್ಲಿ ಕ್ರೀಮ್ ತಯಾರಾಗುತ್ತದೆ. ಒಡೆದ ಡಬ್ಬಿಗಳು ನನ್ನ ಮನೆಗೆ ಬರುತ್ತವೆ. ತಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ‘ಏನೇನು ಹಾಕಿದಿರಿ’ ಎಂಬುದಲ್ಲ, ‘ಯಾವಾಗ ಒಡೆಯಿತು’ ಎಂಬುದು. ಹತ್ತು ನಿಮಿಷದಲ್ಲಿ ಒಡೆದದ್ದಕ್ಕೂ ಹತ್ತು ದಿನದ ಮೇಲೆ ಒಡೆದದ್ದಕ್ಕೂ ಕಾರಣ ಒಂದೇ ಆಗಿರುವುದು ಅಪರೂಪ. ಆದ್ದರಿಂದ ಈ ಬರಹವನ್ನೂ ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಹೋಲಿಸಿ ನೋಡಲು ಅನುಕೂಲವಾಗಲೆಂದು ನನ್ನ ಸಾದಾ ಚಳಿಗಾಲದ ಕ್ರೀಮಿನ ಅಳತೆ ಇಲ್ಲಿದೆ. 100 ಗ್ರಾಂಗೆ ಭಟ್ಟಿ ಇಳಿಸಿದ ನೀರು 70 ಗ್ರಾಂ, ಎಣ್ಣೆ 18, ಎಮಲ್ಸಿಫೈಯಿಂಗ್ ವ್ಯಾಕ್ಸ್ (ಎಣ್ಣೆ, ನೀರು ಎರಡನ್ನೂ ಹಿಡಿದಿಡುವ ಮೇಣ) 5, ಗ್ಲಿಸರಿನ್ 4, ಸಿಟೈಲ್ ಆಲ್ಕೊಹಾಲ್ (ದಪ್ಪ ಮಾಡುವ ಬಿಳಿ ಚಕ್ಕೆ) 2, ಸಂರಕ್ಷಕ 1. ಎಣ್ಣೆಯ ಕಾಲು ಭಾಗದಷ್ಟು ವ್ಯಾಕ್ಸ್ ಇರಲಿ ಎಂಬುದು ಒರಟು ಲೆಕ್ಕವಾದರೂ ಆರಂಭಕ್ಕೆ ಸಾಕು.

ಎಲ್ಲಕ್ಕಿಂತ ಮೊದಲು: ಕಾಸಿಲ್ಲದ ಮೂರು ಪರೀಕ್ಷೆ

ಡಬ್ಬಿಯನ್ನು ಅಲುಗಿಸದೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೇಲೆ ತೇಲುತ್ತಿರುವುದು ಹೊಳೆಯುವ ಎಣ್ಣೆಯೋ, ಅಥವಾ ದಪ್ಪ ಬಿಳಿ ಕೆನೆಯೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಹಸಿ ಹಾಲನ್ನು ಇಟ್ಟರೆ ಕೆನೆ ಮೇಲೆ ಬರುತ್ತದೆ, ಆದರೆ ಹಾಲು ಕೆಟ್ಟಿರುವುದಿಲ್ಲ, ಕದಡಿದರೆ ಮೊದಲಿನಂತಾಗುತ್ತದೆ. ಕ್ರೀಮಿನಲ್ಲೂ ಹಾಗೆ. ಕೆನೆಗಟ್ಟಿದರೆ ಹನಿಗಳು ಇನ್ನೂ ಹನಿಗಳಾಗಿಯೇ ಇವೆ, ಮೇಲಕ್ಕೆ ಗುಂಪುಗೂಡಿವೆ ಅಷ್ಟೆ. ಹೊಳೆಯುವ ಎಣ್ಣೆ ಕಂಡರೆ ಹನಿಗಳು ಒಂದಕ್ಕೊಂದು ಸೇರಿ ಹನಿತನವನ್ನೇ ಕಳೆದುಕೊಂಡಿವೆ. ಅದು ಕದಡುವುದರಿಂದ ಸರಿಹೋಗುವುದಿಲ್ಲ.

ಎರಡನೆಯದು ಮೂಗು. ಹುಳಿ, ಮುಗ್ಗಲು ಅಥವಾ ಹಳೆಯ ಕರಿದ ಎಣ್ಣೆಯ ವಾಸನೆ ಬಂದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ನೇರವಾಗಿ ಕೆಳಗಿನ ‘ವಾಸನೆ, ಚುಕ್ಕೆ’ ಭಾಗಕ್ಕೆ ಹೋಗಿ.

ಮೂರನೆಯದು ಚರಿಗೆಯ ಪರೀಕ್ಷೆ. ಸ್ಟೀಲಿನ ಚರಿಗೆಯಲ್ಲಿ ತಣ್ಣೀರು ತೆಗೆದುಕೊಂಡು, ಡಬ್ಬಿಯ ನಡುಭಾಗದಿಂದ ಕಾಳಿನಷ್ಟು ಕ್ರೀಮ್ ತೆಗೆದು ಬಿಡಿ, ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ನೀರಿನಲ್ಲಿ ಎಣ್ಣೆ ಹರಡಿದ ಬಗೆಯ ಕ್ರೀಮ್ ಹೊಗೆಯಂತೆ ಬಿಡಿಸಿಕೊಂಡು ನೀರನ್ನು ಹಾಲಿನ ಬಣ್ಣಕ್ಕೆ ತಿರುಗಿಸುತ್ತದೆ. ಎಣ್ಣೆಯಲ್ಲಿ ನೀರು ಹರಡಿದ ಬಗೆಯದಾದರೆ ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯ ಚೂರಿನಂತೆ ಹಾಗೇ ಉಳಿಯುತ್ತದೆ. ನೀವು ಮೊದಲ ಬಗೆಯದನ್ನು ಮಾಡಹೊರಟು ಎರಡನೆಯ ಬಗೆಯದು ಬಂದಿದ್ದರೆ, ಎಣ್ಣೆ, ನೀರು ಎರಡನ್ನೂ ಹಿಡಿದಿಡುವ ವಸ್ತುವಿನ, ಅಂದರೆ ಎಮಲ್ಸಿಫೈಯರಿನ, ಆಯ್ಕೆಯಲ್ಲೇ ಎಡವಿದ್ದೀರಿ. ಮೊಸರು ಕಡೆದು ಬೆಣ್ಣೆ ತೆಗೆಯುವಾಗ ನಡೆಯುವುದೂ ಇದೇ ಬಗೆಯ ತಿರುವುಮುರುವು. ಅಲ್ಲಿ ನಮಗೆ ಅದು ಬೇಕಾಗಿರುತ್ತದೆ, ಇಲ್ಲಿ ಬೇಡವಾಗಿರುತ್ತದೆ.

ಕೂಡಿಸುತ್ತಿರುವಾಗಲೇ, ಅಥವಾ ಒಂದು ಗಂಟೆಯೊಳಗೆ ಬೇರೆಯಾದರೆ

ಇಲ್ಲಿ ತಪ್ಪು ದೊಡ್ಡದಿರುತ್ತದೆ, ಹಾಗಾಗಿ ಹುಡುಕುವುದು ಸುಲಭ.

ಎಮಲ್ಸಿಫೈಯರ್ ಇದೆಯೇ? ಪ್ರಶ್ನೆ ಬಾಲಿಶವೆನಿಸಬಹುದು. ಆದರೆ ‘ಜೇನುಮೇಣ ಹಾಕಿದ್ದೇನಲ್ಲ’ ಎಂಬ ಉತ್ತರವನ್ನು ನಾನು ಪ್ರತಿ ಚಳಿಗಾಲದಲ್ಲೂ ಕೇಳುತ್ತೇನೆ. ಜೇನುಮೇಣ ಎಣ್ಣೆಯನ್ನು ಗಟ್ಟಿ ಮಾಡುತ್ತದೆ. ತಾನೊಂದೇ ನೀರನ್ನೂ ಎಣ್ಣೆಯನ್ನೂ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಹಳೆಯ ಕೋಲ್ಡ್ ಕ್ರೀಮ್‌ಗಳಲ್ಲಿ ಅದರ ಜೊತೆಗೆ ಬಿಳಿಗಾರ ಹಾಕುತ್ತಿದ್ದರು. ಮೇಣದಲ್ಲಿರುವ ಆಮ್ಲಗಳೊಂದಿಗೆ ಬಿಳಿಗಾರ ಸೇರಿ ಒಂದು ಬಗೆಯ ಸಾಬೂನು ಆಗುತ್ತಿತ್ತು, ಹಿಡಿದಿಡುತ್ತಿದ್ದುದು ಆ ಸಾಬೂನು. ಬಿಳಿಗಾರ ಹೆಚ್ಚಾದರೆ ಕ್ರೀಮಿನಲ್ಲಿ ಹರಳುಗಟ್ಟುತ್ತದೆ. ಒಡೆದ ಚರ್ಮದ ಮೂಲಕ ಮೈಯೊಳಗೂ ಇಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ನಾನು ಅದನ್ನು ಬಳಸುವುದಿಲ್ಲ. ಲೋಳೆಸರ, ಲೆಸಿಥಿನ್ ಕ್ಯಾಪ್ಸೂಲ್, ಗ್ಲಿಸರಿನ್ ಇವುಗಳನ್ನು ನಂಬಿಯೂ ಕ್ರೀಮ್ ನಿಲ್ಲುವುದಿಲ್ಲ. ಲೆಸಿಥಿನ್‌ಗೆ ಎಮಲ್ಸಿಫೈಯರ್ ಗುಣ ಇದೆ, ಆದರೆ ಅಡುಗೆಮನೆಯ ಪ್ರಮಾಣದಲ್ಲಿ ಅದು ಜಿಗುಟನ್ನು ಕೊಡುವಷ್ಟು ಸ್ಥಿರತೆಯನ್ನು ಕೊಡುವುದಿಲ್ಲ.

ಎಮಲ್ಸಿಫೈಯರ್ ಇದ್ದೂ ಒಡೆದಿದ್ದರೆ ಬಿಸಿಯನ್ನು ನೋಡಿ. ನೀರಿನ ಭಾಗ, ಎಣ್ಣೆಯ ಭಾಗ ಎರಡೂ 70ರಿಂದ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಾಗ ಕೂಡಬೇಕು. ಡಿಸೆಂಬರಿನ ಬೆಳಗಿನ ತಣ್ಣನೆಯ ಪನ್ನೀರನ್ನು ಕರಗಿದ ಮೇಣಕ್ಕೆ ಸುರಿದರೆ ಮೇಣ ಅಲ್ಲಲ್ಲೇ ಹೆಪ್ಪುಗಟ್ಟುತ್ತದೆ, ಹನಿಗಳ ಸುತ್ತ ಹೊದಿಕೆಯಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಪಾತ್ರೆಯ ಅಂಚಿನಲ್ಲಿ ಬಿಳಿ ಚೂರುಗಳು ಅಂಟಿದ್ದರೆ ಇದೇ ಕಾರಣ. ಕೈಗೆ ಬಿಸಿ ತಾಗಿತು ಎಂಬುದು ಅಳತೆಯಲ್ಲ. ಅಡುಗೆಗೆ ಬಳಸುವ ಥರ್ಮಾಮೀಟರ್ ಒಂದನ್ನು ತನ್ನಿ. ಜ್ವರ ನೋಡುವುದು ಇಲ್ಲಿ ಕೆಲಸಕ್ಕೆ ಬಾರದು.

ಎರಡು ಎಚ್ಚರಿಕೆ. ಎಣ್ಣೆ ಮತ್ತು ಮೇಣವನ್ನು ನೇರ ಉರಿಯ ಮೇಲೆ ಕರಗಿಸಬೇಡಿ, ಬಿಸಿನೀರಿನ ಬೋಗುಣಿಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಬಿಸಿ ಮಿಶ್ರಣವನ್ನು ಮಿಕ್ಸಿಯ ಜಾರಿಗೆ ಹಾಕಿ ಮುಚ್ಚಳ ಬಿಗಿಯಬೇಡಿ. ಒಳಗಿನ ಆವಿ ಮುಚ್ಚಳವನ್ನು ಎಸೆಯುತ್ತದೆ. ಬಿಸಿ ಎಣ್ಣೆ ಮತ್ತು ಮೇಣ ಮೈಗೆ ಅಂಟಿಕೊಂಡು ಸುಡುತ್ತವೆ, ನೀರಿನಂತೆ ಜಾರಿ ಹೋಗುವುದಿಲ್ಲ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಬೊಬ್ಬೆ ದೊಡ್ಡದಾಗಿದ್ದರೆ, ಮುಖಕ್ಕೆ ಅಥವಾ ಕಣ್ಣಿಗೆ ಸಿಡಿದಿದ್ದರೆ ಆಸ್ಪತ್ರೆಗೆ ಹೋಗಿ.

ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಒಡೆದಿತ್ತು

ನನ್ನ ಬಳಿಗೆ ಬರುವ ಡಬ್ಬಿಗಳಲ್ಲಿ ಈ ಬಗೆಯವೇ ಹೆಚ್ಚು. ಆರಂಭದಲ್ಲಿ ಎಲ್ಲವೂ ಕೂಡಿತ್ತು ಎಂದರೆ ಎಮಲ್ಸಿಫೈಯರ್ ಇದೆ. ಸಾಕಷ್ಟು ಇಲ್ಲ, ಅಥವಾ ತಕ್ಕದ್ದಲ್ಲ, ಅಥವಾ ಹನಿಗಳು ಸಣ್ಣಗಾಗಿಲ್ಲ.

ಮೊದಲು ತೂಕ. ಚಮಚದ ಅಳತೆಯಲ್ಲಿ ಮಾಡಿದ ಕ್ರೀಮಿನ ದೋಷವನ್ನು ನಾನು ಹುಡುಕುವುದಕ್ಕೇ ಹೋಗುವುದಿಲ್ಲ, ಮತ್ತೊಮ್ಮೆ ತೂಗಿ ಮಾಡಿ ತನ್ನಿ ಎನ್ನುತ್ತೇನೆ. ವ್ಯಾಕ್ಸ್ ಚಕ್ಕೆಗಳ ಒಂದು ಚಮಚ 2 ಗ್ರಾಂ ಆಗಬಹುದು, ಒತ್ತಿ ತುಂಬಿದರೆ 4 ಆಗಬಹುದು. 5 ಗ್ರಾಂ ಬೇಕಾದಲ್ಲಿ ಅಷ್ಟು ವ್ಯತ್ಯಾಸವೇ ಕ್ರೀಮನ್ನು ಒಡೆಯಲು ಸಾಕು. 0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಈ ಹವ್ಯಾಸದಲ್ಲಿ ಮೊದಲು ಕೊಳ್ಳಬೇಕಾದ ವಸ್ತು. ಬ್ಲೆಂಡರ್ ಆಮೇಲೆ.

ನಂತರ, ಯಾವ ಎಮಲ್ಸಿಫೈಯರ್? ಕಳೆದ ವರ್ಷ ನಮ್ಮ ಪಕ್ಕದ ಮನೆಯ ವೈನಿ ಮೂರು ಸಲ ಕ್ರೀಮ್ ಮಾಡಿ ಮೂರೂ ಸಲ ಬೆಳಿಗ್ಗೆ ಒಡೆದ ಡಬ್ಬಿ ಹಿಡಿದು ಬಂದರು. ತೂಕ ಸರಿ, ಬಿಸಿ ಸರಿ, ಬ್ಲೆಂಡರ್ ಹೊಸದು. ಕೊನೆಗೆ ‘ಆ ಪುಡಿಯ ಪೊಟ್ಟಣವನ್ನೇ ತನ್ನಿ’ ಎಂದೆ. ತಂದರು. ಮೇಲೆ ಜಿ.ಎಂ.ಎಸ್. (ಗ್ಲಿಸರಿಲ್ ಮೊನೊಸ್ಟಿಯರೇಟ್) ಎಂದು ಬರೆದಿತ್ತು, ಮನೆಯಲ್ಲಿ ಐಸ್‌ಕ್ರೀಮ್ ಮಾಡುವವರು ಹಾಕುವ ಅದೇ ಬಿಳಿ ಪುಡಿ. ‘ಅಂಗಡಿಯವರು ಇದೂ ಎಮಲ್ಸಿಫೈಯರೇ ಎಂದರು’ ಎಂದರು ವೈನಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಎಣ್ಣೆಯ ಕಡೆಗೆ ವಾಲುವ ಎಮಲ್ಸಿಫೈಯರ್. ರಸಾಯನ ವಿಜ್ಞಾನಿ ವಿಲಿಯಂ ಗ್ರಿಫಿನ್ 1949ರಲ್ಲಿ ಎಮಲ್ಸಿಫೈಯರ್‌ಗಳಿಗೆ ಎಚ್‌ಎಲ್‌ಬಿ ಎಂಬ ಅಂಕ ಕೊಡುವ ಪದ್ಧತಿ ತಂದರು. ಅಂಕ ಕಡಿಮೆಯಿದ್ದರೆ ಎಣ್ಣೆಯ ನಂಟು ಹೆಚ್ಚು, ಅಂಕ ಹೆಚ್ಚಿದ್ದರೆ ನೀರಿನ ನಂಟು ಹೆಚ್ಚು. ಸಾದಾ ಜಿ.ಎಂ.ಎಸ್. ಅಂಕ 4ರ ಆಸುಪಾಸು. ನೀರಿನ ಕಡೆಗೆ ವಾಲುವ ಪಾಲಿಸಾರ್ಬೇಟ್ 80 ಎಂಬ ಎಮಲ್ಸಿಫೈಯರಿನದ್ದು 15. ನೀರೇ ಮುಕ್ಕಾಲು ಪಾಲು ಇರುವ ಕ್ರೀಮನ್ನು ಸಾದಾ ಜಿ.ಎಂ.ಎಸ್. ಒಂದೇ ಎಳೆದುಕೊಂಡು ಹೋಗಲಾರದು. ಅದಕ್ಕೆ ನೀರಿನ ಕಡೆಯ ಜೊತೆಗಾರ ಬೇಕು. ‘ಸೆಲ್ಫ್ ಎಮಲ್ಸಿಫೈಯಿಂಗ್’ ಎಂದು ಚೀಟಿಯಲ್ಲಿ ಬರೆದಿರುವ ಜಿ.ಎಂ.ಎಸ್. ಬೇರೆ, ಅದರಲ್ಲಿ ಸ್ವಲ್ಪ ಸಾಬೂನು ಬೆರೆತಿರುತ್ತದೆ. ಸಿಟೈಲ್ ಆಲ್ಕೊಹಾಲ್ ಮತ್ತು ಸ್ಟಿಯರಿಕ್ ಆಮ್ಲ ಕೂಡ ಹೀಗೆಯೇ ದಾರಿ ತಪ್ಪಿಸುತ್ತವೆ. ನೋಡಲು ವ್ಯಾಕ್ಸ್‌ನಂತೆಯೇ ಬಿಳಿ ಚಕ್ಕೆಗಳು, ಆದರೆ ಅವುಗಳ ಕೆಲಸ ದಪ್ಪ ಮಾಡುವುದು. ಪೊಟ್ಟಣಕ್ಕೆ ಹೆಸರು ಬರೆದಿಡದೆ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟವರ ಕಷ್ಟ ನನಗೆ ಗೊತ್ತು, ಏಕೆಂದರೆ ನಾನೂ ಇಟ್ಟಿದ್ದೆ.

ಎಣ್ಣೆ ಬದಲಿಸಿದ್ದೀರಾ? ಕುಸುಬೆ ಎಣ್ಣೆಯ ಜಾಗದಲ್ಲಿ ಔಡಲ ಎಣ್ಣೆ ಹಾಕಿದರೆ ಎಮಲ್ಸಿಫೈಯರಿನ ಬೇಡಿಕೆಯೇ ಬದಲಾಗುತ್ತದೆ. ಔಡಲ ಉಳಿದ ಎಣ್ಣೆಗಳಂತಲ್ಲ. ಒಟ್ಟು ಎಣ್ಣೆಯಲ್ಲಿ ಅದನ್ನು ಐದರಲ್ಲೊಂದು ಪಾಲಿಗಿಂತ ಹೆಚ್ಚು ಮಾಡದಿದ್ದರೆ ನನಗೆ ತೊಂದರೆಯಾಗಿಲ್ಲ. ಗಾಣದಿಂದ ತಂದ ಎಣ್ಣೆಯಾದರೆ ತಳದ ಗಸಿ ಬರದಂತೆ ತಿಳಿಯನ್ನು ಮಾತ್ರ ಬಸಿದುಕೊಳ್ಳಿ.

ಇಷ್ಟೂ ಸರಿಯಿದ್ದರೆ ಕಡೆತವನ್ನು ನೋಡಿ. ಕಡಗೋಲು ಮಜ್ಜಿಗೆಗೆ ಸಾಕು, ಕ್ರೀಮಿಗೆ ಸಾಲದು. ಎಣ್ಣೆಯ ಹನಿ ಮೇಲೇರುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಹನಿಯನ್ನು ಅರ್ಧಕ್ಕೆ ಇಳಿಸಿದರೆ ಅದು ನಾಲ್ಕು ಪಟ್ಟು ನಿಧಾನವಾಗಿ ಏರುತ್ತದೆ. ಅಷ್ಟು ಸಣ್ಣ ಹನಿ ಹ್ಯಾಂಡ್ ಬ್ಲೆಂಡರ್‌ನಿಂದ ಆಗುತ್ತದೆ. ಎರಡು ನಿಮಿಷ ತಿರುಗಿಸಿ, ಸ್ವಲ್ಪ ಬಿಟ್ಟು ಮತ್ತೆ ತಿರುಗಿಸಿ. 40 ಡಿಗ್ರಿಗೆ ಇಳಿಯುವವರೆಗೆ ಆಗಾಗ ಸೌಟಿನಿಂದ ಅಂಚು ಕೆರೆಯುತ್ತ ಕೈಯಾಡಿಸಿ. ಬ್ಲೆಂಡರಿನ ತಲೆ ಪೂರ್ತಿ ಮುಳುಗಿರಬೇಕು, ಇಲ್ಲವಾದರೆ ಗಾಳಿ ತುಂಬಿ ನೊರೆಯಾಗುತ್ತದೆ. ಗಾಳಿ ತುಂಬಿದ ಕ್ರೀಮ್ ಎರಡು ದಿನದಲ್ಲಿ ಡಬ್ಬಿಯಲ್ಲಿ ಕುಸಿಯುತ್ತದೆ, ಅದನ್ನು ಒಡೆತವೆಂದು ಭಾವಿಸಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ? ಪಾತ್ರೆಯನ್ನು ಬಿಸಿನೀರಿನಲ್ಲೇ ಇಟ್ಟು ಕೈಯಿಂದ ಕಡೆಯುತ್ತ ಕಾಯಿರಿ. ನಮ್ಮ ಕಡೆ ಕ್ರೀಮ್ ಮಾಡುವವರಿಗೆ ಇದೂ ಒಂದು ವಿಧಾನವೇ.

ಮೇಲೆ ಬರೀ ಕೆನೆ ಕಟ್ಟಿ ತಳದಲ್ಲಿ ತೆಳು ನೀರು ನಿಂತಿದ್ದರೆ ಎಮಲ್ಸಿಫೈಯರನ್ನು ಬದಲಿಸುವ ಅಗತ್ಯವಿಲ್ಲ. ಮುಂದಿನ ಸಲ ನೀರಿನ ಭಾಗಕ್ಕೆ 100 ಗ್ರಾಂಗೆ 0.2ರಿಂದ 0.3 ಗ್ರಾಂ ಜಾಂಥಾನ್ ಗಮ್ (ನೀರನ್ನು ದಪ್ಪ ಮಾಡುವ ಅಂಟಿನ ಪುಡಿ) ಸೇರಿಸಿ. ಅದನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿಕೊಳ್ಳದಿದ್ದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ.

ವಾರ, ಹತ್ತು ದಿನದ ಮೇಲೆ ತೆಳ್ಳಗಾಗಿ ಒಡೆದರೆ

ಆಮೇಲೆ ಸೇರಿಸಿದ ಏನೋ ಒಂದು ಒಳಗೆ ಕೂತು ಕೆಡಿಸುತ್ತಿದೆ ಎಂದರ್ಥ. ಮೊದಲ ಆರೋಪಿ ಲಿಂಬೆರಸ ಅಥವಾ ವಿಟಮಿನ್ ಸಿ ಪುಡಿ. ಸ್ಟಿಯರಿಕ್ ಆಮ್ಲವನ್ನು ಕ್ಷಾರದೊಂದಿಗೆ ಕೂಡಿಸಿ ಮಾಡಿದ ಕ್ರೀಮಿನಲ್ಲಿ ಹಿಡಿದಿಡುವುದು ಸಾಬೂನು. ಆಮ್ಲ ಬಿದ್ದರೆ ಸಾಬೂನು ಸಾಯುತ್ತದೆ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮದ ಮೇಲೆ ಕಪ್ಪು ಕಲೆ, ಬೊಬ್ಬೆ ಏಳಬಹುದು; ಕ್ರೀಮ್ ಉಳಿದರೂ ಮುಖ ಉಳಿಯುವುದಿಲ್ಲ.

ಎರಡನೆಯದು ನೀರು. ಗದಗ ಕಡೆಯ ಕೊಳವೆಬಾವಿಯ ನೀರಿನಲ್ಲಿ ಸಾಬೂನು ನೊರೆಯೇಳದೆ ಬಕೆಟ್ಟಿನ ಅಂಚಿಗೆ ಬಿಳಿ ಜಿಗುಟಾಗಿ ಅಂಟುವುದನ್ನು ನೋಡಿದ್ದೀರಲ್ಲ? ಗಡಸು ನೀರಿನ ಕ್ಯಾಲ್ಸಿಯಂ ಕ್ರೀಮಿನೊಳಗಿನ ಸಾಬೂನಿಗೂ ಅದನ್ನೇ ಮಾಡುತ್ತದೆ. ಪಾಲಿಸಾರ್ಬೇಟ್ ಸೇರಿದ ವ್ಯಾಕ್ಸ್‌ಗೆ ಇದರ ಬಾಧೆ ಕಡಿಮೆ. ಹಾಗಿದ್ದರೂ ಭಟ್ಟಿ ಇಳಿಸಿದ ನೀರನ್ನೇ ಬಳಸಿ. ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ಅಗ್ಗವೆಂದು ತರಬೇಡಿ, ಅದು ಚರ್ಮಕ್ಕೆಂದು ತುಂಬಿದ್ದಲ್ಲ.

ಮೂರನೆಯದು ಅಂಗಳದ ಲೋಳೆಸರ. ಅದರಲ್ಲಿ ಲವಣಗಳಿವೆ. ಕಾರ್ಬೊಮರ್ ಜೆಲ್ ಹಾಕಿ ದಪ್ಪ ಮಾಡಿದ ಕ್ರೀಮಿಗೆ ಲವಣ ಬಿದ್ದರೆ ಅದು ನೀರಾಗಿ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಹಸಿ ಲೋಳೆಸರ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ.

ಸಂರಕ್ಷಕವನ್ನೂ ಅನುಮಾನಿಸಿ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ಶೇ. 1 ದಾಟಬಾರದು. ದಾಟಿದರೆ ಚರ್ಮಕ್ಕೂ ಒಳ್ಳೆಯದಲ್ಲ, ಕೆಲವು ಕ್ರೀಮ್‌ಗಳನ್ನೂ ತೆಳ್ಳಗೆ ಮಾಡುತ್ತದೆ. ಆಮ್ಲ, ಕ್ಷಾರದ ಮಟ್ಟ ತೋರಿಸುವ ಪಿಎಚ್ ಪಟ್ಟಿಯೊಂದನ್ನು ಅದ್ದಿ ನೋಡಿ. ವ್ಯಾಕ್ಸ್‌ನಿಂದ ಮಾಡಿದ ಕ್ರೀಮ್ 4.5ರಿಂದ 6ರೊಳಗೆ ಇದ್ದರೆ ಸರಿ. ಮಾಡಿದ ದಿನ ಬರೆದಿಟ್ಟ ಅಂಕಕ್ಕಿಂತ ವಾರದಲ್ಲಿ ಗಣನೀಯವಾಗಿ ಸರಿದಿದ್ದರೆ ಒಳಗೆ ಏನೋ ಬೆಳೆಯುತ್ತಿದೆ ಎಂದು ತಿಳಿದು ಚೆಲ್ಲಿಬಿಡಿ.

ಋತುವನ್ನು ದೋಷವೆಂದು ತಪ್ಪು ತಿಳಿಯುವುದೂ ಉಂಟು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಜನವರಿಯಲ್ಲಿ ಗಟ್ಟಿಯಿದ್ದ ಕ್ರೀಮ್ ಏಪ್ರಿಲ್‌ನಲ್ಲಿ ಮೆತ್ತಗಾದರೆ ಅದು ಒಡೆದಿಲ್ಲ, ಬೇಸಿಗೆ ಬಂದಿದೆ.

ರವೆ ರವೆಯಾಗಿದ್ದರೆ

ಬೆರಳ ನಡುವೆ ತಿಕ್ಕಿ. ಮೈಯ ಬಿಸಿಗೆ ಕರಗಿದರೆ ಅವು ಕೊಬ್ಬಿನ ಹರಳು, ನಿಧಾನವಾಗಿ ತಣ್ಣಗಾದ ತುಪ್ಪ ಹರಳುಗಟ್ಟಿದಂತೆ. ಶಿರಸಿ ಕಡೆಯಿಂದ ಬರುವ ಮುರುಗಲು ತುಪ್ಪ ಮತ್ತು ಶಿಯಾ ಬೆಣ್ಣೆ ಹಾಕಿದವರಿಗೆ ಇದು ಸಾಮಾನ್ಯ. ಅಪಾಯವಿಲ್ಲ, ಮುಂದಿನ ಸಲ ಪೂರ್ತಿ ಕರಗಿಸಿ, ಕೂಡಿಸಿದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕೈಯಾಡಿಸುತ್ತ ಬೇಗ ತಣಿಸಿ. ಕರಗದೆ ಮರಳಿನಂತೆ ಚುಚ್ಚಿದರೆ ಅದು ಬಿಳಿಗಾರ ಅಥವಾ ಕರಗದ ಪುಡಿ. ಹಚ್ಚಬೇಡಿ.

ಹಚ್ಚಿ ತಿಕ್ಕಿದಾಗ ಬಿಳಿ ನೊರೆ ಗೆರೆಗಳು ಬಂದರೆ ವ್ಯಾಕ್ಸ್ ಅಥವಾ ಸಿಟೈಲ್ ಆಲ್ಕೊಹಾಲ್ ಹೆಚ್ಚಾಗಿದೆ. ಅರ್ಧ ಗ್ರಾಂ ಇಳಿಸಿ ನೋಡಿ.

ವಾಸನೆ, ಚುಕ್ಕೆ, ಉಬ್ಬಿದ ಮುಚ್ಚಳ: ಇಲ್ಲಿಗೆ ನಿಲ್ಲಿಸಿ

ಕಪ್ಪು, ಹಸಿರು, ಗುಲಾಬಿ ಬಣ್ಣದ ಚುಕ್ಕೆ ಒಂದೇ ಒಂದು ಕಂಡರೂ ಇಡೀ ಡಬ್ಬಿ ಕಸಕ್ಕೆ. ಮೇಲಿನದನ್ನು ಕೆರೆದು ತೆಗೆದು ಬಳಸುವುದು ಉಪ್ಪಿನಕಾಯಿಯಲ್ಲಿ ನಡೆಯಬಹುದು, ಇಲ್ಲಿ ನಡೆಯದು. ಮತ್ತೆ ಕುದಿಸಿದರೂ ಆಗದು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳೂ ಎಮಲ್ಸಿಫೈಯರನ್ನು ತಿಂದು ಕ್ರೀಮ್ ಒಡೆಯುತ್ತವೆ. ಸಂರಕ್ಷಕವಿಲ್ಲದ ಕ್ರೀಮ್ ಒಡೆದರೆ ನಾನು ಕಾರಣ ಹುಡುಕುವುದೇ ಇಲ್ಲ. ವಿಟಮಿನ್ ಇ, ಬೇವಿನ ಎಣ್ಣೆ, ಅರಿಷಿಣ ಇವು ಸಂರಕ್ಷಕಗಳಲ್ಲ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡವಾಗಿಸುತ್ತದೆ, ನೀರಿನಲ್ಲಿ ಬೆಳೆಯುವುದನ್ನು ತಡೆಯುವುದಿಲ್ಲ.

ಕಮಟು ವಾಸನೆಯೊಂದೇ ಇದ್ದರೆ ಎಣ್ಣೆ ಹಳೆಯದು. ನಮ್ಮ ಕಡೆಯ ಕುಸುಬೆ, ಅದಕ್ಕಿಂತ ಬೇಗ ಅಗಸೆ, ಗಾಳಿಗೆ ಕೆಡುತ್ತವೆ.

ಹಚ್ಚಿದಲ್ಲಿ ಉರಿ, ಊತ, ನೀರೊಸರುವ ಗುಳ್ಳೆ ಬಂದರೆ ತೊಳೆದು ನಿಲ್ಲಿಸಿ, ಚರ್ಮರೋಗ ತಜ್ಞರಿಗೆ ತೋರಿಸಿ. ಕ್ರೀಮಿಗೆ ಹಾಕಿದ ವಸ್ತುಗಳ ಪಟ್ಟಿಯನ್ನೂ ಒಯ್ಯಿರಿ. ತುಟಿ ಅಥವಾ ಮುಖ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದರೆ ಕಾಯಬಾರದು, ತುರ್ತು ಚಿಕಿತ್ಸಾ ವಿಭಾಗಕ್ಕೆ ಧಾವಿಸಬೇಕು. ಔಷಧದಂಗಡಿಯ ಸ್ಟಿರಾಯ್ಡ್ ಟ್ಯೂಬನ್ನು ಮನೆಯ ಕ್ರೀಮಿಗೆ ಬೆರೆಸಿ ‘ಬೆಳ್ಳಗಾಗುವ’ ಕ್ರೀಮ್ ಮಾಡುವವರಿದ್ದಾರೆ. ಅದು ಒಡೆಯದೆ ನಿಂತರೇ ಹೆಚ್ಚು ಹಾನಿ. ಜಿಂಕ್ ಆಕ್ಸೈಡ್ ಹಾಕಿದ ಮನೆಯ ಸನ್‌ಸ್ಕ್ರೀನ್ ಗಂಟುಗಂಟಾದರೆ ಅದನ್ನು ಹೇಗೆ ಸರಿಪಡಿಸುವುದೆಂದು ಕೇಳುತ್ತಾರೆ. ಸರಿಪಡಿಸಬೇಡಿ. ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆಂದು ಅಡುಗೆಮನೆಯಲ್ಲಿ ಅಳೆಯಲು ಬರುವುದಿಲ್ಲ.

ಉಳಿಸಿಕೊಳ್ಳಲು ಒಂದು ಅವಕಾಶ

ಮಾಡಿದ ದಿನ ಅಥವಾ ಮರುದಿನ ಒಡೆದಿದ್ದರೆ, ವಾಸನೆ ಶುದ್ಧವಿದ್ದರೆ ಮಾತ್ರ. ಡಬ್ಬಿಯದೆಲ್ಲವನ್ನೂ ತೂಗಿ, ಬಿಸಿನೀರಿನ ಬೋಗುಣಿಯಲ್ಲಿ ಮುಚ್ಚಿಟ್ಟು 70 ಡಿಗ್ರಿಗೆ ತನ್ನಿ. 100 ಗ್ರಾಂಗೆ 1ರಿಂದ 2 ಗ್ರಾಂ ವ್ಯಾಕ್ಸ್ ಸೇರಿಸಿ ಕರಗಿಸಿ. ಈಗ ಮತ್ತೆ ತೂಗಿ. ಆವಿಯಾಗಿ ಹೋದ ನೀರು ನಿಮಗೆ ಆಶ್ಚರ್ಯ ತರಬಹುದು, ನನ್ನ ಪಾತ್ರೆಯಲ್ಲಿ ಒಮ್ಮೆ 100 ಗ್ರಾಂಗೆ 6 ಗ್ರಾಂ ಹೋಗಿತ್ತು. ಹೋದಷ್ಟನ್ನು ಬಿಸಿ ನೀರಿನಿಂದ ತುಂಬಿಸಿ, ಬ್ಲೆಂಡರ್ ಹಿಡಿಯಿರಿ. ಫಿನಾಕ್ಸಿಎಥನಾಲ್ ಮೊದಲೇ ಹಾಕಿದ್ದರೆ ಎರಡನೆಯ ಸಲ ಹಾಕಬೇಡಿ. ಬಿಸಿಗೆ ನಾಶವಾಗುವ ಬೇರೆ ಸಂರಕ್ಷಕ ಹಾಕಿದ್ದರೆ ಉಳಿಸುವ ಆಸೆ ಬಿಡಿ. ಎರಡನೆಯ ಸಲವೂ ಒಡೆದರೆ ಮೂರನೆಯ ಸಲ ಕಾಯಿಸಬೇಡಿ. ಅದನ್ನು ಮೋರಿಗೂ ಸುರಿಯಬೇಡಿ, ಮೇಣ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಸಕ್ಕೆ ಹಾಕಿ.

ಬೇರೆಯವರಿಗೆ ಕೊಡುವ ಮೊದಲು

ಮಾರುವ ಯೋಚನೆಯಿದ್ದರೆ 2020ರ ಸೌಂದರ್ಯವರ್ಧಕ ನಿಯಮಗಳಡಿ ತಯಾರಿಕೆಗೆ ಪರವಾನಗಿ ಬೇಕು, ಅಡುಗೆಮನೆಯ ಡಬ್ಬಿಯನ್ನು ಸಂತೆಗೆ ಒಯ್ಯುವಂತಿಲ್ಲ. ಅಕ್ಕನಿಗೋ ವೈನಿಗೋ ಕೊಡುವುದಾದರೂ ಎರಡು ಚಿಕ್ಕ ಗಾಜಿನ ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪ ತುಂಬಿಡುತ್ತೇನೆ. ಒಂದು ಕಪಾಟಿನಲ್ಲಿ ಸುಮ್ಮನೆ ಕೂರುತ್ತದೆ. ಇನ್ನೊಂದು ಒಂದು ರಾತ್ರಿ ಫ್ರೀಜರ್‌ನಲ್ಲಿ, ಮರುದಿನ 40 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ಜಾಗದಲ್ಲಿ. ಹೀಗೆ ಮೂರು ಸುತ್ತು. ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋಗುವಾಗ ಬಾಟಲಿಯನ್ನು ಸ್ಕೂಟರಿನ ಡಿಕ್ಕಿಯಲ್ಲೇ ಇಟ್ಟುಬಿಡುತ್ತೇನೆ, ಬಿಸಿಗೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ಮೂರು ಸುತ್ತಿನ ಮೇಲೆ ಎರಡೂ ಬಾಟಲಿಗಳನ್ನು ಕಿಟಕಿಯ ಬಳಿ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಸುತ್ತಾಡಿ ಬಂದ ಬಾಟಲಿಯ ಮೇಲಂಚಿನಲ್ಲಿ ದಾರದಷ್ಟು ಹೊಳಪಿನ ಗೆರೆ ಕಂಡರೂ ಆ ಸಲದ ಕ್ರೀಮ್ ನನ್ನ ಹಿಮ್ಮಡಿಗೆ ಮಾತ್ರ.